ಶತ್ರುಗಳ ನಡುವಿನ ಅಂಚೆ



ಆಧುನಿಕ ಯುಗದಲ್ಲಿ ದೇಶದೇಶಗಳ ಸಂಬಂಧ ಹೇಗೆ ಬೆಳೆದುಬಂತು ಎಂದು ಕೇಳಿದರೆ ಚರಿತ್ರೆಯ ಪುಸ್ತಕಗಳು ನಾಲ್ಕು ಇಸವಿಗಳನ್ನು ಮುಂದಿಡುತ್ತವೆ: 1648ರ ವೆಸ್ಟ್‌ಫಾಲಿಯಾ, 1815ರ ವಿಯೆನ್ನಾ, 1919ರ ವರ್ಸೇಲ್ಸ್, 1945ರ ಸ್ಯಾನ್ ಫ್ರಾನ್ಸಿಸ್ಕೊ. ನಾಲ್ಕೂ ಒಂದೊಂದು ದೊಡ್ಡ ಯುದ್ಧದ ಬಾಲ ಹಿಡಿದು ಬಂದವು. ಇವುಗಳನ್ನಷ್ಟೇ ಓದಿದವರಿಗೆ ರಾಷ್ಟ್ರಗಳು ಕಾದಾಡಿ ದಣಿದಾಗ ಮಾತ್ರ ಮಾತಿಗೆ ಕೂರುತ್ತವೆ, ದಣಿವು ಆರಿದೊಡನೆ ಮತ್ತೆ ಕಾದಾಡುತ್ತವೆ ಎನ್ನಿಸುವುದು ಸಹಜ. ಪರಸ್ಪರ ನಂಬಿಕೆ ಮೊದಲು ಹುಟ್ಟಬೇಕು, ಒಪ್ಪಂದ ಆಮೇಲೆ ಎಂಬ ಮಾತೂ ಈ ಓದಿನಿಂದಲೇ ಬಂದದ್ದು. ಇವತ್ತಿನ ಭಾಷಣದಲ್ಲಿ ಇನ್ನೊಂದು ಸಾಲು ಇಸವಿಗಳನ್ನು ನಿಮ್ಮ ಮುಂದಿಡುತ್ತೇನೆ: ಪ್ಯಾರಿಸ್‌ನಲ್ಲಿ 1865, ಬರ್ನ್‌ನಲ್ಲಿ 1874, ಬರ್ಲಿನ್‌ನಲ್ಲಿ 1906. ಇವು ಕ್ರಮವಾಗಿ ತಂತಿಯ, ಅಂಚೆಯ, ಬಾನುಲಿಯ ಒಪ್ಪಂದಗಳು. ಇವುಗಳಿಂದ ನಾನು ಹೇಳಹೊರಟ ಮಾತು ಇಷ್ಟು: ಒಬ್ಬರನ್ನೊಬ್ಬರು ಕಿಂಚಿತ್ತೂ ನಂಬದ ರಾಜ್ಯಗಳು ಕೂಡ ಒಂದೇ ನಿಯಮಕ್ಕೆ ತಲೆಬಾಗಬಲ್ಲವು, ದಶಕಗಳ ಕಾಲ ಹಾಗೆ ನಡೆದುಕೊಂಡಿವೆ. ಅದು ಯಾವಾಗ ಸಾಧ್ಯವಾಯಿತು, ಯಾವಾಗ ಮುರಿಯಿತು ಎಂದು ವಿಚಾರಿಸಿದರೆ ಅಂತರರಾಷ್ಟ್ರೀಯ ಸಂಬಂಧಗಳ ಚರಿತ್ರೆ ಬೇರೆಯೇ ರೀತಿ ಕಾಣತೊಡಗುತ್ತದೆ.

ಮೊದಲು ಒಪ್ಪಂದಗಳಿಲ್ಲದ ಕಾಲ ಹೇಗಿತ್ತು ಎಂದು ನೋಡೋಣ. 1850ರ ಸುಮಾರಿಗೆ ಯುರೋಪಿನ ಹಲವು ದೇಶಗಳಲ್ಲಿ ತಂತಿ ಎಳೆದಾಗಿತ್ತು. ಆದರೆ ತಂತಿ ಗಡಿಯಲ್ಲಿ ನಿಂತುಬಿಡುತ್ತಿತ್ತು. ಫ್ರಾನ್ಸಿಗೂ ಜರ್ಮನಿಯ ಬಾಡೆನ್ ಸಂಸ್ಥಾನಕ್ಕೂ ನಡುವಿನ ಸ್ಟ್ರಾಸ್‌ಬುರ್ಗ್ ಪಟ್ಟಣದಲ್ಲಿ ಒಂದೇ ಕಚೇರಿಯಲ್ಲಿ ಎರಡೂ ಕಡೆಯ ಗುಮಾಸ್ತರನ್ನು ಕೂರಿಸಿದ್ದರು. ಪ್ಯಾರಿಸ್‌ನಿಂದ ಮಿಂಚಿನ ವೇಗದಲ್ಲಿ ಬಂದ ಸುದ್ದಿಯನ್ನು ಫ್ರೆಂಚ್ ಗುಮಾಸ್ತ ಕಾಗದಕ್ಕಿಳಿಸಿ ಮೇಜಿನಾಚೆ ಚಾಚುತ್ತಿದ್ದ. ಜರ್ಮನ್ ಗುಮಾಸ್ತ ಅದನ್ನು ತನ್ನ ಭಾಷೆಗೆ ತಿರುಗಿಸಿ, ತನ್ನ ಕಡೆಯ ತಂತಿಗೆ ಮತ್ತೆ ಮೊದಲಿನಿಂದ ಬಡಿಯುತ್ತಿದ್ದ. ಅಂಚೆಯ ಸ್ಥಿತಿ ಇದಕ್ಕಿಂತ ಕೆಟ್ಟದಾಗಿತ್ತು. ಎರಡೆರಡು ದೇಶಗಳ ನಡುವೆ ಬೇರೆ ಬೇರೆ ಕರಾರು. ತೂಕದ ಅಳತೆ ಬೇರೆ, ನಾಣ್ಯ ಬೇರೆ. ನಡುವೆ ಸಿಗುವ ಪ್ರತಿಯೊಂದು ದೇಶವೂ ತನ್ನ ಸುಂಕ ಕೇಳುತ್ತಿತ್ತು. ಅಮೆರಿಕದಿಂದ ಆಸ್ಟ್ರೇಲಿಯಾಕ್ಕೆ ಹೋಗುವ ಒಂದೇ ತೂಕದ ಕಾಗದಕ್ಕೆ, ಅದು ಹಿಡಿಯುವ ದಾರಿಯನ್ನು ನೋಡಿಕೊಂಡು, ಐದು ಸೆಂಟ್‌ನಿಂದ ಒಂದು ಡಾಲರಿನವರೆಗೂ ದರ ಬೀಳುತ್ತಿತ್ತು. ಪರದೇಶಕ್ಕೆ ಹೋದ ಬಡ ಕೂಲಿಯವನು ಮನೆಗೆ ಕಾಗದ ಬರೆಯಬೇಕಾದರೆ ದಾರಿಯಲ್ಲಿರುವ ಎಲ್ಲ ಸರ್ಕಾರಗಳ ಕೈ ಬೆಚ್ಚಗೆ ಮಾಡಬೇಕಾಗಿತ್ತು. 1865ರ ಮೇ 17ರಂದು ಪ್ಯಾರಿಸ್‌ನಲ್ಲಿ 20 ರಾಜ್ಯಗಳು ತಂತಿ ಒಪ್ಪಂದಕ್ಕೆ ಸಹಿ ಹಾಕಿದವು. ಮೋರ್ಸ್ ಸಂಕೇತ ಎಲ್ಲರಿಗೂ ಸಮಾನವಾಯಿತು, ದರಗಳ ಲೆಕ್ಕ ಒಂದೇ ನಾಣ್ಯಕ್ಕೆ ಬಂತು.

ಅಂಚೆಯ ಕೆಲಸಕ್ಕೆ ಇನ್ನೂ ಒಂಬತ್ತು ವರ್ಷ ಹಿಡಿಯಿತು. ಆ ಒಂಬತ್ತು ವರ್ಷಗಳ ಕಥೆಯೇ ನನ್ನ ವಾದಕ್ಕೆ ಮೊದಲ ಸಾಕ್ಷಿ. ಉತ್ತರ ಜರ್ಮನಿಯ ಅಂಚೆ ಅಧಿಕಾರಿ ಹೈನ್ರಿಖ್ ಫಾನ್ ಸ್ಟೆಫಾನ್ 1868ರಲ್ಲಿ ಎಲ್ಲ ದೇಶಗಳಿಗೂ ಸೇರಿದ ಒಂದು ಅಂಚೆ ಒಕ್ಕೂಟದ ಯೋಜನೆ ಮುಂದಿಟ್ಟರು. ಸಮ್ಮೇಳನ ಸೇರುವಷ್ಟರಲ್ಲಿ 1870ರ ಫ್ರಾನ್ಸ್-ಪ್ರಷ್ಯಾ ಯುದ್ಧ ಬಂತು. ಫ್ರಾನ್ಸ್ ಸೋತು ಅಲ್ಸಾಸ್ ಮತ್ತು ಲೊರೇನ್ ಪ್ರಾಂತ್ಯಗಳನ್ನು ಕಳೆದುಕೊಂಡಿತು. ಆ ತಂತಿ ಕಚೇರಿಯಿದ್ದ ಸ್ಟ್ರಾಸ್‌ಬುರ್ಗ್ ಕೂಡ ಜರ್ಮನಿಯ ಪಾಲಾಯಿತು. ಎರಡು ದೇಶಗಳ ನಡುವೆ ಇದಕ್ಕಿಂತ ಹೆಚ್ಚಿನ ಹಗೆ ಇರುವುದು ಕಷ್ಟ. ಆದರೂ ಯುದ್ಧ ಮುಗಿದ ಮೂರೇ ವರ್ಷಕ್ಕೆ, 1874ರ ಸೆಪ್ಟೆಂಬರ್ 15ರಂದು, ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿ 22 ದೇಶಗಳ ಪ್ರತಿನಿಧಿಗಳು ಸೇರಿದರು. ಅಕ್ಟೋಬರ್ 9ರಂದು ಒಪ್ಪಂದ ಸಿದ್ಧವಾಯಿತು. ಫ್ರಾನ್ಸ್ ಸ್ವಲ್ಪ ಹಿಂದೇಟು ಹಾಕಿತು, ಅದೂ ವರಮಾನ ಖೋತಾ ಆದೀತೆಂಬ ಲೆಕ್ಕದಿಂದ. 1876ರ ಹೊತ್ತಿಗೆ ಅದೂ ಒಳಗೆ ಬಂತು. ಒಪ್ಪಂದದಲ್ಲಿ ಏನಿತ್ತು ಎಂಬುದನ್ನು ಗಮನಿಸಬೇಕು. ಸದಸ್ಯ ದೇಶಗಳೆಲ್ಲ ಸೇರಿ ಅಂಚೆಯ ಮಟ್ಟಿಗೆ ಒಂದೇ ಪ್ರದೇಶ. ಹದಿನೈದು ಗ್ರಾಂ ಕಾಗದಕ್ಕೆ ಸಾಮಾನ್ಯ ದರ 25 ಸೆಂಟೀಮ್. ಅಂಚೆಚೀಟಿಯ ಹಣ ಕಾಗದ ಕಳಿಸಿದ ದೇಶಕ್ಕೇ ಸೇರಬೇಕು, ತಲುಪಿಸುವ ದೇಶ ಅದನ್ನು ಬಿಟ್ಟಿ ಬಟವಾಡೆ ಮಾಡಬೇಕು. ಕಾಗದಕ್ಕೊಂದು ಉತ್ತರ ಬಂದೇ ಬರುತ್ತದೆ, ಹಾಗಾಗಿ ಎರಡೂ ಕಡೆಯ ಲೆಕ್ಕ ಸರಿಹೋಗುತ್ತದೆ ಎಂಬುದು ಅದರ ಹಿಂದಿನ ತರ್ಕ. ಎಲ್ಲಕ್ಕಿಂತ ಮುಖ್ಯವಾಗಿ, ಒಂದು ದೇಶದ ಅಂಚೆಚೀಲ ಇನ್ನೊಂದು ದೇಶದ ನೆಲದ ಮೇಲೆ ತಡೆಯಿಲ್ಲದೆ ಹಾದುಹೋಗಬೇಕು.

ಈ ಕೊನೆಯ ಮಾತಿನ ತೂಕವನ್ನು ಇವತ್ತು ನಾವು ಸರಿಯಾಗಿ ಅರಿಯುವುದಿಲ್ಲ. ಹತ್ತೊಂಬತ್ತನೆಯ ಶತಮಾನದ ಪ್ರಭುತ್ವಕ್ಕೆ ತನ್ನ ಗಡಿಯೊಳಗೆ ಬಂದ ಯಾವ ವಸ್ತುವನ್ನಾದರೂ ತಡೆಯುವ, ತೆರೆಯುವ, ಸುಂಕ ಹೇರುವ ಹಕ್ಕು ಪ್ರಾಣಕ್ಕೆ ಸಮಾನ. ಆ ಹಕ್ಕಿನ ಒಂದು ತುಂಡನ್ನು ಬಿಸ್ಮಾರ್ಕ್‌ನ ಜರ್ಮನಿ, ಝಾರನ ರಷ್ಯಾ, ಸುಲ್ತಾನನ ತುರ್ಕಿ, ಗಣರಾಜ್ಯವಾದ ಅಮೆರಿಕ ಎಲ್ಲವೂ ಬಿಟ್ಟುಕೊಟ್ಟವು. ನಾಲ್ಕು ದಶಕಗಳ ನಂತರ ಅವೇ ದೇಶಗಳು ಮೊದಲ ಮಹಾಯುದ್ಧದಲ್ಲಿ ಪರಸ್ಪರರ ಲಕ್ಷಾಂತರ ಮಕ್ಕಳನ್ನು ಕೊಂದವು. ಶತ್ರುದೇಶಗಳ ನಡುವಿನ ಸಾಮಾನ್ಯ ಅಂಚೆ ಆಗ ನಿಂತುಹೋಯಿತು, ನಿಜ. ಆದರೆ ಯುದ್ಧಕೈದಿಗಳ ಅಂಚೆ ನಿಲ್ಲಲಿಲ್ಲ. ಕೈದಿಗಳ ಕಾಗದ, ಹಣ, ಪೊಟ್ಟಣಗಳಿಗೆ ಹೊರಡುವ ದೇಶದಲ್ಲಾಗಲಿ ತಲುಪುವ ದೇಶದಲ್ಲಾಗಲಿ ನಡುವಿನ ದೇಶದಲ್ಲಾಗಲಿ ಅಂಚೆವೆಚ್ಚ ಕೇಳಕೂಡದು ಎಂದು ಹೇಗ್ ಒಪ್ಪಂದ ಹೇಳಿತ್ತು. ಅದನ್ನು ನಡೆಸಿಕೊಡುವ ಯಂತ್ರ ಅಂಚೆ ಒಕ್ಕೂಟದ ರೂಪದಲ್ಲಿ ಮೊದಲೇ ಇತ್ತು. 1914ರ ಆಗಸ್ಟ್‌ನಲ್ಲಿ ರೆಡ್ ಕ್ರಾಸ್ ಜಿನೀವಾದಲ್ಲಿ ತೆರೆದ ಕೈದಿಗಳ ಮಾಹಿತಿ ಕೇಂದ್ರದಲ್ಲಿ ಯುದ್ಧ ಮುಗಿಯುವಷ್ಟರಲ್ಲಿ ಸುಮಾರು 70 ಲಕ್ಷ ಸೂಚಿಪತ್ರಗಳು ಸೇರಿದ್ದವು. ತಟಸ್ಥ ದೇಶಗಳ ಮೂಲಕ ಚೀಲಗಳು ಓಡಾಡಿದವು. ಮಗ ಬದುಕಿದ್ದಾನೆ ಎಂಬ ಸುದ್ದಿ ಶತ್ರುವಿನ ಕೈದಾಟಿ ತಾಯಿಗೆ ತಲುಪಿತು.

ಇದಕ್ಕಿಂತಲೂ ಗಟ್ಟಿಯಾದ ಸಾಕ್ಷ್ಯ ವರ್ಸೇಲ್ಸ್ ಒಪ್ಪಂದದ ಒಳಗೇ ಇದೆ. ಜರ್ಮನಿಯನ್ನು ಶಿಕ್ಷಿಸಲೆಂದೇ ಬರೆದ ಆ ದಾಖಲೆಯಲ್ಲಿ ಯುದ್ಧದ ಹೊಣೆ, ಪರಿಹಾರದ ಹೊರೆ, ಕಿತ್ತುಕೊಂಡ ಪ್ರಾಂತ್ಯಗಳ ಪಟ್ಟಿ ಎಲ್ಲವೂ ಇವೆ. ಜನ ಓದುವುದೂ ಅವುಗಳನ್ನೇ. ಮುಂದೆ ಸಾಗಿ 283ನೆಯ ವಿಧಿಯನ್ನು ನೋಡಿದರೆ, ಹಳೆಯ ಅಂಚೆ ಮತ್ತು ತಂತಿ ಒಪ್ಪಂದಗಳು ಮತ್ತೆ ಜರ್ಮನಿಗೂ ಗೆದ್ದವರಿಗೂ ಅನ್ವಯಿಸುತ್ತವೆ ಎಂಬ ಮಾತು ಸಿಗುತ್ತದೆ. ಹೊಸದಾಗಿ ಯಾರೂ ಏನನ್ನೂ ಬರೆಯಬೇಕಾಗಲಿಲ್ಲ. ಅದೇ ಒಪ್ಪಂದದಿಂದ ಹುಟ್ಟಿದ ರಾಷ್ಟ್ರಸಂಘಕ್ಕೆ ಅಮೆರಿಕ ಎಂದೂ ಸೇರಲಿಲ್ಲ. ಜರ್ಮನಿ 1926ರಲ್ಲಿ ಬಂದು 1933ರಲ್ಲಿ ಎದ್ದುಹೋಯಿತು, ಜಪಾನೂ ಅದೇ ವರ್ಷ ಹೊರನಡೆಯಿತು. ಅಂಚೆ ಒಕ್ಕೂಟದ ಮೇಜಿನಲ್ಲಿ ಮಾತ್ರ ಈ ಮೂವರೂ ಉಳಿದರು. ಎರಡನೆಯ ಮಹಾಯುದ್ಧಕ್ಕೆ ಕೆಲವೇ ತಿಂಗಳ ಮುಂಚೆ, 1939ರಲ್ಲಿ, ಬ್ಯೂನಸ್ ಐರಿಸ್‌ನಲ್ಲಿ ಒಕ್ಕೂಟದ ಮಹಾಸಭೆ ನಡೆಯಿತು. ಯುದ್ಧ ಮುಗಿದ ಮೇಲೆ 1947ರಲ್ಲಿ ಪ್ಯಾರಿಸ್‌ನಲ್ಲಿ ಮುಂದಿನ ಸಭೆ. ರಾಷ್ಟ್ರಸಂಘ ಆ ಹೊತ್ತಿಗೆ ಇಲ್ಲವಾಗಿತ್ತು.

ಈಗ ಬಾನುಲಿಯ ವಿಚಾರ. ಕಳೆದ ಶತಮಾನದ ಮೊದಲ ವರ್ಷಗಳಲ್ಲಿ ಹಡಗುಗಳ ನಿಸ್ತಂತು ಸಂಪರ್ಕ ಬಹುಮಟ್ಟಿಗೆ ಮಾರ್ಕೋನಿ ಕಂಪನಿಯ ಹಿಡಿತದಲ್ಲಿತ್ತು. ಬೇರೆ ತಯಾರಿಕೆಯ ಉಪಕರಣವಿರುವ ಹಡಗಿನೊಡನೆ ತನ್ನ ನಿಲಯಗಳು ಮಾತಾಡಕೂಡದು ಎಂಬುದು ಆ ಕಂಪನಿಯ ಕಟ್ಟಪ್ಪಣೆ. 1902ರಲ್ಲಿ ಜರ್ಮನ್ ಚಕ್ರವರ್ತಿಯ ತಮ್ಮ ಹೈನ್ರಿಖ್ ಅಮೆರಿಕದಿಂದ ಮರಳುವಾಗ ಹಡಗಿನಿಂದ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟರಿಗೆ ಕೃತಜ್ಞತೆಯ ಸಂದೇಶ ಕಳಿಸಲು ಹೋದರೆ ಮಾರ್ಕೋನಿ ನಿಲಯ ಅದನ್ನು ಸ್ವೀಕರಿಸಲಿಲ್ಲ. ರಾಜಕುಮಾರನ ಅವಮಾನ ದೊಡ್ಡ ಸಂಗತಿಯಲ್ಲ. ಮುಳುಗುವ ಹಡಗೊಂದರ ಕೂಗಿಗೂ ಇದೇ ಉತ್ತರ ಸಿಗಬಹುದಿತ್ತು ಎಂಬುದು ದೊಡ್ಡ ಸಂಗತಿ. 1903ರಲ್ಲಿ ಬರ್ಲಿನ್‌ನಲ್ಲಿ ಪೂರ್ವಭಾವಿ ಸಭೆ, 1906ರಲ್ಲಿ ಅಲ್ಲೇ ಒಪ್ಪಂದ. ಕರಾವಳಿಯ ನಿಲಯ ಯಾವ ಕಂಪನಿಯದಾದರೂ ಯಾವ ಹಡಗಿನ ಕರೆಯನ್ನಾದರೂ ಸ್ವೀಕರಿಸಬೇಕು. ಆಪತ್ತಿನ ಸಂಕೇತ ಎಲ್ಲರಿಗೂ ಒಂದೇ, ಎಸ್‌ಒಎಸ್. 1912ರ ಏಪ್ರಿಲ್‌ನಲ್ಲಿ ಟೈಟಾನಿಕ್ ಮುಳುಗಿದಾಗ ಹತ್ತಿರದಲ್ಲಿದ್ದ ಕ್ಯಾಲಿಫೋರ್ನಿಯನ್ ಹಡಗಿನ ನಿಸ್ತಂತು ನಿರ್ವಾಹಕ ಮಲಗಿಬಿಟ್ಟಿದ್ದ. ಎರಡು ತಿಂಗಳೊಳಗೆ ಲಂಡನ್‌ನಲ್ಲಿ ಸಮ್ಮೇಳನ ಸೇರಿ ನಿಯಮಗಳನ್ನು ಬಿಗಿಗೊಳಿಸಿತು. ಆಮೇಲೆ ರೂಢಿಗೆ ಬಂದ ಒಂದು ಕಟ್ಟಳೆಯನ್ನು ಬಾನುಲಿಯ ಕೇಳುಗರು ವಿಶೇಷವಾಗಿ ಮೆಚ್ಚಬಹುದು. ಹಡಗುಗಳು ಆಪತ್ಕಾಲದ ಕರೆಗೆ ಬಳಸುತ್ತಿದ್ದ 500 ಕಿಲೋಹರ್ಟ್ಸ್ ಕಂಪನಾಂಕದಲ್ಲಿ ಪ್ರತಿ ಗಂಟೆಗೆ ಎರಡು ಬಾರಿ, ಹದಿನೈದನೆಯ ಮತ್ತು ನಲವತ್ತೈದನೆಯ ನಿಮಿಷದಿಂದ ಮೂರು ಮೂರು ನಿಮಿಷ, ಲೋಕದ ಎಲ್ಲ ಹಡಗುಗಳೂ ಮೌನವಾಗಿರಬೇಕಿತ್ತು. ಎಲ್ಲಾದರೂ ಯಾವುದಾದರೂ ಕ್ಷೀಣ ಧ್ವನಿ ನೆರವಿಗೆ ಕೂಗುತ್ತಿದೆಯೇ ಎಂದು ಕಿವಿಗೊಡಬೇಕಿತ್ತು. ನಿಸ್ತಂತು ಕೋಣೆಯ ಗಡಿಯಾರಗಳಲ್ಲಿ ಆ ನಿಮಿಷಗಳಿಗೆ ಕೆಂಪು ಬಣ್ಣ ಬಳಿದಿರುತ್ತಿತ್ತು. ಮನುಷ್ಯರು ಮಾಡಿಕೊಂಡ ನಿಯಮಗಳಲ್ಲಿ ಇಷ್ಟು ಉದಾತ್ತವಾದವು ಹೆಚ್ಚಿಲ್ಲ ಎಂದೇ ನನ್ನ ಎಣಿಕೆ. ನಮ್ಮ ಹಳೆಯ ನಿಲಯಗಳ ಸಂಕೇತಗಳು, ದೆಹಲಿಯ ವಿಯುಡಿ, ಮುಂಬಯಿಯ ವಿಯುಬಿ, ಮದ್ರಾಸಿನ ವಿಯುಎಂ, ಒಂದೇ ಅಕ್ಷರಗಳಿಂದ ಶುರುವಾಗುವುದಕ್ಕೂ ಇಂಥದೇ ಅಂತರರಾಷ್ಟ್ರೀಯ ಒಪ್ಪಂದಗಳು ಮಾಡಿದ ಅಕ್ಷರಗಳ ಹಂಚಿಕೆ ಕಾರಣ.

ಇಲ್ಲಿಗೆ ಒಂದು ಆಕ್ಷೇಪ ಏಳುತ್ತದೆ. ಅಂಚೆಚೀಟಿ, ತಂತಿದರ, ಕಂಪನಾಂಕ ಇವೆಲ್ಲ ಸಣ್ಣಪುಟ್ಟ ವಿಷಯಗಳು. ಇವುಗಳಲ್ಲಿ ಒಮ್ಮತ ಬರುವುದು ಸುಲಭ. ರಾಜ್ಯಗಳ ಜೀವನ್ಮರಣದ ಪ್ರಶ್ನೆಗಳಿಗೆ ಇವು ಮಾದರಿಯಾಗಲಾರವು ಎಂಬುದು ಆ ಆಕ್ಷೇಪ. ಆದರೆ ಸಣ್ಣ ವಿಷಯದಲ್ಲಿ ಒಮ್ಮತ ತಾನಾಗಿಯೇ ಬರುತ್ತದೆ ಎಂಬುದನ್ನು ಚರಿತ್ರೆ ಒಪ್ಪುವುದಿಲ್ಲ. ಕಾಲರಾ ವಿಷಯವನ್ನೇ ತೆಗೆದುಕೊಳ್ಳಿ. ರೋಗ ಗಡಿ ದಾಟದಂತೆ ತಡೆಯಲು 1851ರಲ್ಲಿ ಪ್ಯಾರಿಸ್‌ನಲ್ಲಿ 12 ರಾಜ್ಯಗಳ ಆರೋಗ್ಯ ಸಮ್ಮೇಳನ ಸೇರಿತು. ಪ್ರತಿ ರಾಜ್ಯದಿಂದಲೂ ಒಬ್ಬ ವೈದ್ಯ, ಒಬ್ಬ ರಾಜತಾಂತ್ರಿಕ. ಆರು ತಿಂಗಳು ಚರ್ಚೆ ನಡೆಯಿತು, ಫಲ ಸಿಗಲಿಲ್ಲ. ಮತ್ತೆ ಮತ್ತೆ ಸಭೆಗಳು ಸೇರಿದವು. ಜಾರಿಗೆ ಬರುವಂಥ ಮೊದಲ ಒಪ್ಪಂದ ವೆನಿಸ್‌ನಲ್ಲಿ ಆದದ್ದು 1892ರಲ್ಲಿ, 41 ವರ್ಷಗಳ ನಂತರ. ಸಾವಿಗಿಂತ ದೊಡ್ಡ ಭಯ ಯಾವುದಿದೆ? ಆದರೂ ಏಕೆ ಇಷ್ಟು ತಡ? ಎರಡು ಕಾರಣಗಳು ಕಾಣುತ್ತವೆ. ಕಾಲರಾ ಹೇಗೆ ಹರಡುತ್ತದೆ ಎಂಬುದರಲ್ಲೇ ವೈದ್ಯರಿಗೆ ಒಮ್ಮತವಿರಲಿಲ್ಲ. ರಾಬರ್ಟ್ ಕಾಖ್ ಕಲ್ಕತ್ತೆಯಲ್ಲಿ ರೋಗಾಣುವನ್ನು ಖಚಿತಪಡಿಸಿದ್ದು 1884ರಲ್ಲಿ, ಅದನ್ನೂ ಬ್ರಿಟಿಷ್ ಅಧಿಕಾರಿಗಳು ಕೂಡಲೇ ಒಪ್ಪಲಿಲ್ಲ. ಎರಡನೆಯದಾಗಿ, ನಷ್ಟದ ಹೊರೆ ಸಮವಾಗಿರಲಿಲ್ಲ. ಕ್ವಾರಂಟೈನ್ ಹೇರಿದರೆ ಮೆಡಿಟರೇನಿಯನ್ ದೇಶಗಳಿಗೆ ರಕ್ಷಣೆ. ಸೂಯೆಜ್ ಕಾಲುವೆಯ ಸಂಚಾರದಲ್ಲಿ ಸಿಂಹಪಾಲು ಹೊಂದಿದ್ದ ಬ್ರಿಟನ್ನಿಗೆ ಕೈಗೆ ಬಂದ ವ್ಯಾಪಾರಕ್ಕೆ ಕುತ್ತು. ಅಂಚೆಯಲ್ಲಿ ಹೊರಗುಳಿದವನಿಗೆ ಮರುದಿನವೇ ನಷ್ಟ ತಟ್ಟುತ್ತಿತ್ತು. ಕಾಲರಾದಲ್ಲಿ ಒಳಗೆ ಬಂದವನಿಗೆ ನಷ್ಟ, ಹೊರಗಿದ್ದವನಿಗೆ ಲಾಭ.

ಆ ಸ್ಥಿತಿ ಬದಲಾದದ್ದು ಹೇಗೆ ಎಂಬುದೂ ನಮಗೆ ಹತ್ತಿರದ ಕಥೆ. 1896ರಲ್ಲಿ ಮುಂಬಯಿಯಲ್ಲಿ ಪ್ಲೇಗು ಕಾಣಿಸಿಕೊಂಡಾಗ ಭಾರತದ ಸರಕಿಗೆ ಯುರೋಪಿನ ಬಂದರುಗಳು ಬಾಗಿಲು ಹಾಕುವ ಭೀತಿ ಎದುರಾಯಿತು. ಕೆಲವೇ ತಿಂಗಳಲ್ಲಿ, 1897ರ ಆರಂಭಕ್ಕೆ, ವೆನಿಸ್‌ನಲ್ಲಿ ಪ್ಲೇಗಿಗೆಂದೇ ಸಮ್ಮೇಳನ ಸೇರಿ ಒಪ್ಪಂದ ಮುಗಿಸಿತು. ರೋಗ ಬಂದದ್ದನ್ನು ಮುಚ್ಚಿಡದೆ ಇತರ ದೇಶಗಳಿಗೆ ತಿಳಿಸಬೇಕು ಎಂಬ ಕರ್ತವ್ಯ ಆ ದಶಕದ ಒಪ್ಪಂದಗಳಲ್ಲಿ ರೂಪು ತಳೆಯಿತು. ಅದೇ ಪ್ಲೇಗು 1898ರಲ್ಲಿ ಬೆಂಗಳೂರಿಗೆ ಬಂತು. ಬಸವನಗುಡಿ, ಮಲ್ಲೇಶ್ವರಗಳ ಅಗಲ ಬೀದಿಗಳು ಆ ಪ್ಲೇಗಿನ ಪಾಠದಿಂದ ಬೆಳೆದವು. ಹಾಂಕಾಂಗ್‌ನಿಂದ ಮುಂಬಯಿಗೆ, ಮುಂಬಯಿಯಿಂದ ವೆನಿಸ್‌ನ ಸಭಾಂಗಣಕ್ಕೂ ಬೆಂಗಳೂರಿಗೂ ಒಂದೇ ಎಳೆ ಹರಿದಿತ್ತು. ಮಲ್ಲೇಶ್ವರದ ಇತಿಹಾಸವನ್ನು ಬರೆಯುವವರು ಈ ಎಳೆಯನ್ನೂ ಹಿಡಿಯಬೇಕು ಎಂದು ನನ್ನ ಆಸೆ.

ಎರಡನೆಯ ಆಕ್ಷೇಪ ಇನ್ನೂ ಗಂಭೀರವಾದದ್ದು. ಇಷ್ಟೆಲ್ಲ ಒಕ್ಕೂಟಗಳಿದ್ದೂ 1914 ಬಂತಲ್ಲ? ನಾರ್ಮನ್ ಏಂಜೆಲ್ ಎಂಬ ಇಂಗ್ಲಿಷ್ ಲೇಖಕರು ಯುದ್ಧಕ್ಕೆ ನಾಲ್ಕೈದು ವರ್ಷ ಮೊದಲು, ದೇಶಗಳ ಹಣಕಾಸು ಇಷ್ಟು ಹೆಣೆದುಕೊಂಡಿರುವಾಗ ಗೆದ್ದವನಿಗೂ ಯುದ್ಧದಿಂದ ಲಾಭವಿಲ್ಲ ಎಂದು ವಾದಿಸಿದ್ದರು. ಲಾಭವಿಲ್ಲದ್ದು ನಿಜವಾಯಿತು, ಯುದ್ಧ ಮಾತ್ರ ತಪ್ಪಲಿಲ್ಲ. ಬ್ರಿಟನ್ ಯುದ್ಧ ಸಾರಿದ ಕೆಲವೇ ಗಂಟೆಗಳಲ್ಲಿ, 1914ರ ಆಗಸ್ಟ್ 5ರ ಮುಂಜಾನೆ, ಅದರ ಅಲರ್ಟ್ ಎಂಬ ಹಡಗು ಇಂಗ್ಲಿಷ್ ಕಡಲ್ಗಾಲುವೆಯಲ್ಲಿ ಜರ್ಮನಿಯ ಸಮುದ್ರತಂತಿಗಳನ್ನು ಕತ್ತರಿಸಿತು. ಹಾಗಾಗಿ ಇಂಥ ಒಕ್ಕೂಟಗಳು ಯುದ್ಧವನ್ನು ತಡೆಯುತ್ತವೆ ಎಂದು ನಾನು ವಾದಿಸುವುದಿಲ್ಲ. ಹಾಗೆ ವಾದಿಸಿದವರನ್ನು ಚರಿತ್ರೆ ಸುಳ್ಳಾಗಿಸಿದೆ. ಆದರೆ ಯುದ್ಧ ತಡೆಯುವುದೊಂದೇ ಅಂತರರಾಷ್ಟ್ರೀಯ ಏರ್ಪಾಡಿನ ಬೆಲೆ ಅಳೆಯುವ ಕೋಲಾದರೆ ನಾವು ಬಹಳ ಕಳೆದುಕೊಳ್ಳುತ್ತೇವೆ. ಹೊಳೆ ಉಕ್ಕುವುದನ್ನು ಸೇತುವೆ ತಡೆಯಲಾರದು, ಆದರೆ ನೀರು ಇಳಿದ ಮೇಲೆ ಸೇತುವೆ ಉಳಿದಿದೆಯೇ ಇಲ್ಲವೇ ಎಂಬುದು ಎರಡೂ ದಡದ ಊರುಗಳಿಗೆ ಮುಖ್ಯ. ಕೈದಿಗಳ ಕಾಗದ, ವರ್ಸೇಲ್ಸಿನ 283ನೆಯ ವಿಧಿ, 1947ರ ಸಭೆ ಇವೆಲ್ಲ ಆ ಪ್ರಶ್ನೆಗೆ ಸಿಕ್ಕ ಉತ್ತರಗಳು.

ಮೂರನೆಯ ಆಕ್ಷೇಪದ ಬಹುಪಾಲನ್ನು ನಾನು ಒಪ್ಪುತ್ತೇನೆ. ಈ ಒಕ್ಕೂಟಗಳು ಸಾಮ್ರಾಜ್ಯಗಳ ಕಾಲದಲ್ಲಿ, ಸಾಮ್ರಾಜ್ಯಗಳ ಅನುಕೂಲಕ್ಕಾಗಿ ಹುಟ್ಟಿದವು. ಭಾರತ ತಂತಿ ಒಕ್ಕೂಟಕ್ಕೆ ಸೇರಿದ್ದು 1869ರಲ್ಲಿ, ಸ್ವತಃ ಬ್ರಿಟನ್ನಿಗಿಂತ ಮೊದಲು. ಬ್ರಿಟನ್ನಿನಲ್ಲಿ ತಂತಿ ಖಾಸಗಿ ಕಂಪನಿಗಳ ಕೈಯಲ್ಲಿತ್ತು, ಇಲ್ಲಿ ಸರ್ಕಾರದ ಕೈಯಲ್ಲಿತ್ತು. ಸರ್ಕಾರಿ ತಂತಿ ಇರುವವರಿಗೆ ಮಾತ್ರ ಅಲ್ಲಿ ಪ್ರವೇಶ. ಅಂಚೆ ಒಕ್ಕೂಟಕ್ಕೆ ಭಾರತ 1876ರಲ್ಲಿ ಸೇರಿತು. ಕಾಗದದ ಮೇಲೆ ಸದಸ್ಯತ್ವ ಭಾರತದ್ದು. ಮತ ಹಾಕಿದ ಕೈ ಲಂಡನ್ನಿನದು. ವಸಾಹತುಗಳ ಹೆಸರಿನಲ್ಲಿ ಹೆಚ್ಚುವರಿ ಮತ ಪಡೆಯುವುದು ಬ್ರಿಟನ್, ಫ್ರಾನ್ಸ್ ಎರಡಕ್ಕೂ ರೂಢಿಯಾಗಿತ್ತು. ಆಫ್ರಿಕಾದ ಭವಿಷ್ಯವನ್ನು ಆಫ್ರಿಕಾದವರಿಲ್ಲದೆ ಚರ್ಚಿಸಿದ 1884-85ರ ಬರ್ಲಿನ್ ಸಮ್ಮೇಳನವೂ ಇದೇ ತಲೆಮಾರಿನ ಸಹಕಾರದ ಕೂಸು. ಸಹಕಾರ ಎಂಬುದು ತನ್ನಷ್ಟಕ್ಕೆ ಸದ್ಗುಣವಲ್ಲ. ಯಾರು ಯಾರ ವಿರುದ್ಧ ಸಹಕರಿಸಿದರು ಎಂದು ಕೇಳಲೇಬೇಕು.

ಆದರೆ ಕಥೆ ಅಲ್ಲಿಗೇ ಮುಗಿಯಲಿಲ್ಲ. ಸ್ವಾತಂತ್ರ್ಯ ಪಡೆದ ದೇಶಗಳು ಈ ಒಕ್ಕೂಟಗಳನ್ನು ತಿರಸ್ಕರಿಸಲಿಲ್ಲ. ಪ್ರತಿ ದೇಶಕ್ಕೂ ಒಂದು ಮತ ಎಂಬ ನಿಯಮವನ್ನು ಹಿಡಿದು ಒಳಗಿನಿಂದಲೇ ತಿದ್ದತೊಡಗಿದವು. ತಲುಪಿಸುವವನು ಬಿಟ್ಟಿ ತಲುಪಿಸಬೇಕೆಂಬ 1874ರ ತರ್ಕ, ಕಳಿಸುವುದಕ್ಕಿಂತ ಹೆಚ್ಚು ಅಂಚೆ ಪಡೆಯುತ್ತಿದ್ದ ಬಡ ದೇಶಗಳಿಗೆ ಹೊರೆಯಾಗಿತ್ತು. 1969ರ ಟೋಕಿಯೊ ಸಭೆ ಅದನ್ನು ಬದಲಿಸಿ ಬಟವಾಡೆಯ ವೆಚ್ಚ ಕೊಡಿಸಿತು. ಇನ್ನೊಂದು ಉದಾಹರಣೆ ಆಕಾಶದ್ದು. ಭೂಮಧ್ಯರೇಖೆಯ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ಉಪಗ್ರಹಗಳು ಭೂಮಿಯೊಡನೆ ಸಮವಾಗಿ ಸುತ್ತುವ ಕಕ್ಷೆಯೊಂದಿದೆ. ಮೊದಲು ಬಂದವರಿಗೆ ಮೊದಲ ಜಾಗ ಎಂದು ಬಿಟ್ಟಿದ್ದರೆ ಶ್ರೀಮಂತ ದೇಶಗಳು ಅದನ್ನು ತುಂಬಿಬಿಡುತ್ತಿದ್ದವು. 1976ರಲ್ಲಿ ಎಂಟು ದೇಶಗಳು ಬೊಗೋಟಾದಲ್ಲಿ ಸೇರಿ, ತಮ್ಮ ನೆಲದ ಮೇಲಿನ ಕಕ್ಷೆ ತಮ್ಮದೇ ಎಂದು ಘೋಷಿಸಿದವು. ಆ ಹಕ್ಕನ್ನು ಲೋಕ ಒಪ್ಪಲಿಲ್ಲ. ಆದರೆ ಹಳೆಯ ತಂತಿ ಒಕ್ಕೂಟದ ಮುಂದುವರಿಕೆಯಾದ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದೊಳಗೆ ವರ್ಷಗಟ್ಟಲೆ ನಡೆದ ಚರ್ಚೆಯ ಕೊನೆಗೆ, 1988ರಲ್ಲಿ, ಒಂದೂ ಉಪಗ್ರಹ ಹಾರಿಸದ ದೇಶಕ್ಕೂ ಒಂದು ಜಾಗ ಕಾಯ್ದಿರಿಸುವ ಯೋಜನೆಗೆ ಒಪ್ಪಿಗೆ ಸಿಕ್ಕಿತು. ಭದ್ರತಾ ಮಂಡಳಿಯಲ್ಲಿ ಆಗಲಿ ವಿಶ್ವಬ್ಯಾಂಕಿನಲ್ಲಿ ಆಗಲಿ ಬಡ ದೇಶಗಳು ಇಂಥ ಸಮಪಾಲನ್ನು ಪಡೆದದ್ದಿಲ್ಲ.

ಶೀತಲ ಸಮರದ ಕಾಲವೂ ಇದೇ ಮಾತನ್ನು ಹೇಳುತ್ತದೆ. ಅಮೆರಿಕ ಮತ್ತು ಸೋವಿಯತ್ ಒಕ್ಕೂಟ ಅಣುಬಾಂಬುಗಳನ್ನು ಎದುರುಬದುರು ನಿಲ್ಲಿಸಿಕೊಂಡಿದ್ದವು. 1948ರಿಂದ ಮಾಸ್ಕೊ ಪಶ್ಚಿಮದ ಬಾನುಲಿ ಪ್ರಸಾರಗಳ ಮೇಲೆ ಗದ್ದಲದ ತರಂಗ ಹಾಯಿಸಿ ಕೇಳದಂತೆ ಮಾಡುತ್ತಿತ್ತು. ಅದೇ ಮಾಸ್ಕೊ ಆಪತ್ಕಾಲದ ಕಂಪನಾಂಕದ ನಿಯಮಗಳಿಗೆ ಬದ್ಧವಾಗಿತ್ತು. 1958ರಲ್ಲಿ ಸೋವಿಯತ್ ಉಪ ಆರೋಗ್ಯಮಂತ್ರಿ ವಿಕ್ಟರ್ ಝ್ದಾನೊವ್ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಸೇರಿದ್ದ ವಿಶ್ವ ಆರೋಗ್ಯ ಸಭೆಯಲ್ಲಿ ನಿಂತು, ಸಿಡುಬನ್ನು ಭೂಮಿಯಿಂದಲೇ ಇಲ್ಲವಾಗಿಸೋಣ ಎಂದರು. ಲಸಿಕೆಯ ದೊಡ್ಡ ಪಾಲು, ನೂರು ಕೋಟಿಗೂ ಹೆಚ್ಚು ಡೋಸ್, ಸೋವಿಯತ್ ದೇಶದಿಂದ ಬಂತು. ಕಾರ್ಯಕ್ರಮದ ಮುಂದಾಳತ್ವ ಅಮೆರಿಕದ ವೈದ್ಯ ಡಿ. ಎ. ಹೆಂಡರ್ಸನ್ ಅವರದು. ಭಾರತದಲ್ಲಿ ಕೊನೆಯ ಪ್ರಕರಣ 1975ರಲ್ಲಿ, ಲೋಕದಲ್ಲಿ ಸ್ವಾಭಾವಿಕವಾಗಿ ಹರಡಿದ ಕೊನೆಯ ಪ್ರಕರಣ 1977ರಲ್ಲಿ. 1980ರ ಮೇ 8ರಂದು ಸಿಡುಬು ನಿರ್ಮೂಲವಾಯಿತೆಂದು ಘೋಷಣೆಯಾಯಿತು. ಆ ಇಪ್ಪತ್ತೆರಡು ವರ್ಷಗಳಲ್ಲಿ ಕ್ಯೂಬಾದ ಕ್ಷಿಪಣಿ ಬಿಕ್ಕಟ್ಟು, ವಿಯೆಟ್ನಾಂ, ಪ್ರೇಗ್, ಅಫ್ಘಾನಿಸ್ತಾನ ಎಲ್ಲ ಬಂದುಹೋದವು. ಎರಡೂ ಬಣಗಳ ನಡುವೆ ನಂಬಿಕೆ ಎಳ್ಳಷ್ಟೂ ಬೆಳೆದಿರಲಿಲ್ಲ. ಗುರಿ ಒಂದೇ ಇತ್ತು, ಅದನ್ನು ಎಣಿಸಿ ನೋಡಬಹುದಿತ್ತು, ಕೆಲಸ ಮಾಡುವವರು ಒಂದೇ ವೃತ್ತಿಯವರಾಗಿದ್ದರು. ಸ್ಟ್ರಾಸ್‌ಬುರ್ಗ್‌ನ ಮೇಜಿನ ಗುಮಾಸ್ತರಂತೆ ಈ ವೈದ್ಯರಿಗೂ ಎದುರಿನವನ ಕೆಲಸದ ಒಳಹೊರಗು ಗೊತ್ತಿತ್ತು.

ನಮ್ಮ ಉಪಖಂಡವನ್ನು ಬಿಟ್ಟು ಈ ವಾದ ಪೂರ್ತಿಯಾಗದು, ಏಕೆಂದರೆ ಇದಕ್ಕೆ ಅತ್ಯಂತ ಕಠಿಣ ಪರೀಕ್ಷೆ ಇಲ್ಲೇ ಇದೆ. 1960ರ ಸೆಪ್ಟೆಂಬರ್ 19ರಂದು ಸಹಿಯಾದ ಸಿಂಧೂ ನದಿ ಒಪ್ಪಂದ 1965, 1971, 1999ರ ಯುದ್ಧಗಳನ್ನು ದಾಟಿ ಉಳಿಯಿತು. 2025ರ ಏಪ್ರಿಲ್‌ನಲ್ಲಿ, ಪಹಲ್ಗಾಮ್ ದಾಳಿಯ ನಂತರ, ಭಾರತ ಅದನ್ನು ಅಮಾನತಿನಲ್ಲಿಟ್ಟಿತು. ಅಂಚೆಯೂ ಮುರಿದಿದೆ: 2019ರ ಆಗಸ್ಟ್‌ನಲ್ಲಿ ಪಾಕಿಸ್ತಾನ ಭಾರತದ ಅಂಚೆಯನ್ನು ತಡೆಹಿಡಿಯಿತು, 2025ರ ಮೇ ತಿಂಗಳಲ್ಲಿ ಭಾರತ ಪಾಕಿಸ್ತಾನದಿಂದ ಬರುವ ಕಾಗದ ಮತ್ತು ಪಾರ್ಸೆಲ್‌ಗಳನ್ನು ನಿಲ್ಲಿಸಿತು. ನನ್ನ ವಾದಕ್ಕೆ ಇದು ಪೆಟ್ಟು ಎನ್ನುವವರಿಗೆ ಇನ್ನೊಂದು ಸಂಗತಿಯನ್ನು ತೋರಿಸಬೇಕು. ಪರಸ್ಪರರ ಅಣುಸ್ಥಾವರಗಳ ಮೇಲೆ ದಾಳಿ ಮಾಡಬಾರದೆಂದು ಎರಡೂ ದೇಶಗಳು 1988ರ ಡಿಸೆಂಬರ್ 31ರಂದು ಒಪ್ಪಿಕೊಂಡವು. 1992ರಿಂದ ಜನವರಿ 1ರಂದು ತಮ್ಮ ತಮ್ಮ ಸ್ಥಾವರಗಳ ಪಟ್ಟಿಯನ್ನು ಬದಲಾಯಿಸಿಕೊಳ್ಳುತ್ತ ಬಂದಿವೆ. ಕಾರ್ಗಿಲ್ ಆದ ಮೇಲಿನ 2000ದಲ್ಲಿ, ಗಡಿಯಲ್ಲಿ ಸೇನೆ ಜಮಾಯಿಸಿದ್ದ 2002ರಲ್ಲಿ, ಬಾಲಾಕೋಟ್ ಆದ ಮೇಲಿನ 2020ರಲ್ಲಿ ಕೂಡ ಪಟ್ಟಿ ಕೈ ಬದಲಾಯಿಸಿತು. ಅಂಚೆ ನಿಂತರೂ ಪಟ್ಟಿ ಏಕೆ ನಿಲ್ಲಲಿಲ್ಲ? ಎರಡು ದೇಶಗಳ ನಡುವಿನ ಕಾಗದ ಪತ್ರಗಳು ಈ ಕಾಲದಲ್ಲಿ ಅತಿ ಕಡಿಮೆ. ನಿಲ್ಲಿಸಿದರೆ ಸರ್ಕಾರಗಳಿಗೆ ತಟ್ಟುವ ನಷ್ಟ ಅಲ್ಪ, ನೋವು ತಟ್ಟುವುದು ಗಡಿಯ ಎರಡೂ ಕಡೆ ನೆಂಟರಿರುವ ಸಾಮಾನ್ಯರಿಗೆ. ಅಣುಸ್ಥಾವರದ ಮೇಲೆ ಬಾಂಬು ಬಿದ್ದರೆ ಗಾಳಿ ಯಾವ ಕಡೆ ಬೀಸೀತೆಂದು ಯಾರೂ ಹೇಳಲಾರರು. ನಷ್ಟ ಇಬ್ಬರಿಗೂ ಸಮವಾಗಿ, ಕೂಡಲೇ ತಟ್ಟುವಲ್ಲಿ ನಿಯಮ ಉಳಿಯಿತು. ನಷ್ಟವನ್ನು ಎದುರಾಳಿಯ ಮೇಲೋ ಬಡವರ ಮೇಲೋ ಜಾರಿಸಬಹುದಾದಲ್ಲಿ ಮುರಿಯಿತು. ಕಾಲರಾ ಸಮ್ಮೇಳನಗಳ 41 ವರ್ಷ ಹೇಳಿದ್ದೂ ಇದನ್ನೇ. ಹವಾಮಾನದ ಮಾತುಕತೆಗಳು ಇವತ್ತು ತೆವಳುತ್ತಿರುವುದಕ್ಕೂ ನನಗೆ ಕಾಣುವ ಕಾರಣ ಇದೇ: ಹೊಗೆ ಉಗುಳಿದವರು ಒಬ್ಬರು, ಮುಳುಗುವ ದ್ವೀಪದವರು ಇನ್ನೊಬ್ಬರು.

ಹಾಗಾದರೆ ಮುಂದೆ ಕಣ್ಣಿಡಬೇಕಾದ ಜಾಗ ಯಾವುದು? ಸಮುದ್ರದ ತಳ ಎನ್ನುತ್ತೇನೆ. ಖಂಡ ಖಂಡಗಳ ನಡುವಿನ ದೂರವಾಣಿ, ಇಂಟರ್ನೆಟ್, ಬ್ಯಾಂಕಿನ ವಹಿವಾಟು ಬಹುತೇಕ ಎಲ್ಲವೂ ಹಾದುಹೋಗುವುದು ಸಮುದ್ರದಡಿಯ ಕೇಬಲ್‌ಗಳಲ್ಲಿ. ಮುಂಬಯಿ ಮತ್ತು ಚೆನ್ನೈಗಳಲ್ಲಿ ಅವು ನಮ್ಮ ದಡ ಮುಟ್ಟುತ್ತವೆ, ಬೆಂಗಳೂರಿನ ಸಾವಿರಾರು ಕಚೇರಿಗಳ ದಿನದ ಅನ್ನ ಅದರ ಮೇಲೆ ನಿಂತಿದೆ. ಅವುಗಳ ರಕ್ಷಣೆಗೆಂದೇ ಮಾಡಿಕೊಂಡ ಒಪ್ಪಂದ 1884ರಲ್ಲಿ ಪ್ಯಾರಿಸ್‌ನಲ್ಲಿ ಆದದ್ದು, ಇನ್ನೂ ಜಾರಿಯಲ್ಲಿದೆ. ಅದು ನಿರ್ಜೀವ ಕಾಗದವಲ್ಲ. 1959ರ ಫೆಬ್ರವರಿಯಲ್ಲಿ ಅಟ್ಲಾಂಟಿಕ್‌ನ ಕೇಬಲ್‌ಗಳು ತುಂಡಾದಾಗ ಅಮೆರಿಕದ ನೌಕಾಪಡೆಯ ರಾಯ್ ಓ. ಹೇಲ್ ಹಡಗಿನ ಸಿಬ್ಬಂದಿ ಸೋವಿಯತ್ ಮೀನುಗಾರಿಕಾ ಹಡಗು ನೊವೊರೊಸ್ಸಿಸ್ಕ್ ಹತ್ತಿ ತಪಾಸಣೆ ಮಾಡಿದ್ದು ಈ ಒಪ್ಪಂದದ ಬಲದಿಂದಲೇ. ಶೀತಲ ಸಮರದ ನಡುವೆ, ಝಾರ್ ಕಾಲದ ಒಂದು ಕರಾರು ತೋರಿಸಿ ಅದು ಸಾಧ್ಯವಾಯಿತು, ಬಂದೂಕು ಸಿಡಿಯಲಿಲ್ಲ. ಆದರೆ ಅದೇ ಒಪ್ಪಂದದ 15ನೆಯ ವಿಧಿ, ಯುದ್ಧ ನಿರತ ರಾಜ್ಯಗಳ ಸ್ವಾತಂತ್ರ್ಯಕ್ಕೆ ಇದು ಅಡ್ಡಿಯಾಗದು ಎಂದು ಹೇಳುತ್ತದೆ. 1914ರಲ್ಲಿ ಅಲರ್ಟ್ ಹಡಗು ನಡೆಸಿದ ಕತ್ತರಿ ನಿಯಮಬಾಹಿರವೇ ಆಗಿರಲಿಲ್ಲ. 1884ರಲ್ಲಿ ಶತ್ರುವಿನ ತಂತಿ ಕತ್ತರಿಸಿದರೆ ಶತ್ರುವಿಗೆ ಮಾತ್ರ ನಷ್ಟ ಎಂದು ಭಾವಿಸಲು ಆಸ್ಪದವಿತ್ತು. ಇವತ್ತು ಒಂದೇ ಕೇಬಲ್‌ನೊಳಗೆ ಮಿತ್ರ, ಶತ್ರು, ತಟಸ್ಥ ಎಲ್ಲರ ಸಂದೇಶವೂ ಹರಿಯುತ್ತದೆ; ಕತ್ತರಿಸಿದವನ ಬ್ಯಾಂಕೂ ಮರುಕ್ಷಣ ಕುರುಡಾಗಬಹುದು. ನಷ್ಟ ಸಮವಾಗಿ, ಕೂಡಲೇ ತಟ್ಟುವ ಸ್ಥಿತಿ ಇಲ್ಲಿ ಈಗಾಗಲೇ ಬಂದಿದೆ. 15ನೆಯ ವಿಧಿಯನ್ನು ಮತ್ತೆ ಬರೆಯಲು ಶೃಂಗಸಭೆಗಳ ಭಾಷಣಗಳು ಬೇಕಿಲ್ಲ. ಕೇಬಲ್ ಹಾಕುವ ಎಂಜಿನಿಯರುಗಳು, ದುರಸ್ತಿ ಹಡಗಿನ ನಾವಿಕರು, ಕಾನೂನು ಬಲ್ಲ ಕೆಲವು ಅಧಿಕಾರಿಗಳು ಒಂದು ಮೇಜಿನ ಸುತ್ತ ಕೂತರೆ ಸಾಕು. ಕೇಬಲ್ ಇಳಿಸುವ ದೇಶಗಳಲ್ಲಿ ಒಂದಾಗಿ ಭಾರತ ಆ ಸಭೆಯನ್ನು ಕರೆಯಬಹುದು, ಕರೆಯಬೇಕು ಎಂದು ನಾನು ನಂಬಿದ್ದೇನೆ.